ಕೆಂಪು ಜೋಳದ ನೆನಪು: 1965–67ರ ಆಹಾರ ಬಿಕ್ಕಟ್ಟು ಮತ್ತು ಜಾನಪದ ಅಧ್ಯಯನದ ಮೌನ

1

ಬರಗಾಲಗಳಿಗೆ ಹೆಸರಿಡುವಲ್ಲಿ ನಮ್ಮ ಜನಪದರಿಗೆ ತಮ್ಮದೇ ಆದ ಕ್ರಮವೊಂದಿತ್ತು. 1876–78ರ ಮಹಾಕ್ಷಾಮವು ಧಾತು ಮತ್ತು ಈಶ್ವರ ಎಂಬ ಎರಡು ಸಂವತ್ಸರಗಳನ್ನು ವ್ಯಾಪಿಸಿದ್ದರಿಂದ ಹಳೆಯ ಮೈಸೂರು ಸೀಮೆಯಲ್ಲಿ ಅದು ಧಾತು ಈಶ್ವರದ ಬರವೆಂದೇ ಉಳಿಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಷ್ಟು ದೊಡ್ಡ ಸಾವನ್ನು ನೆನಪಿಡಲು ಜನ ಪಂಚಾಂಗದ ಹೆಸರನ್ನೇ ಆಶ್ರಯಿಸಿದರು.

ಇದೇ ಕ್ರಮದಲ್ಲಿ ನೋಡಿದರೆ 1965–66 ವಿಶ್ವಾವಸು ಸಂವತ್ಸರ, 1966–67 ಪರಾಭವ ಸಂವತ್ಸರ. ಸ್ವತಂತ್ರ ಭಾರತವು ಅನ್ನಕ್ಕಾಗಿ ಹೊರದೇಶದ ಹಡಗುಗಳನ್ನು ಕಾಯುತ್ತ ಕುಳಿತ ವರ್ಷಕ್ಕೆ ‘ಪರಾಭವ’ ಎಂಬುದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಾರದು. ಆದರೂ ನಾನು ಕ್ಷೇತ್ರಕಾರ್ಯದಲ್ಲಿ ಭೇಟಿಯಾದ ಹಿರಿಯರಲ್ಲಿ ಒಬ್ಬರೂ ಆ ಕಾಲವನ್ನು ಸಂವತ್ಸರದ ಹೆಸರಿನಿಂದ ಕರೆಯಲಿಲ್ಲ. ಅವರು ಹೇಳಿದ್ದು ‘ಕೆಂಪು ಜೋಳದ ವರ್ಷ’, ‘ಅಮೆರಿಕದ ಗೋಧಿ ತಿಂದ ಕಾಲ’, ‘ಸೊಸೈಟಿ ಮುಂದೆ ನಿಂತ ಕಾಲ’ ಎಂದು. ಕಾಲಗಣನೆಯ ಆಧಾರವೇ ಬದಲಾಗಿದೆ. ಪಂಚಾಂಗದ ಜಾಗಕ್ಕೆ ಪಡಿತರ ಬಂದಿದೆ. ಈ ಬದಲಾವಣೆಯನ್ನು ನಮ್ಮ ಜಾನಪದ ಅಧ್ಯಯನ ಗುರುತಿಸಲಿಲ್ಲವೆಂಬುದು ಪ್ರಸ್ತುತ ಪ್ರಬಂಧದ ಮೊದಲ ಮಾತು. ಗುರುತಿಸದ ಕಾರಣ ಆ ನೆನಪನ್ನು ವಿಮರ್ಶೆಗೆ ಒಡ್ಡುವ ಹೊಣೆಯಿಂದಲೂ ನಾವು ತಪ್ಪಿಸಿಕೊಂಡೆವು ಎಂಬುದು ಎರಡನೆಯದು.

2

ಘಟನೆಯ ಹೊರರೂಪವನ್ನು ಮೊದಲು ಸಂಗ್ರಹವಾಗಿ ನೋಡಬಹುದು. 1962 ಮತ್ತು 1965ರ ಎರಡು ಯುದ್ಧಗಳಿಂದ ದೇಶದ ಬೊಕ್ಕಸ ಬಳಲಿತ್ತು. 1965ರಲ್ಲಿ ಮುಂಗಾರು ಕೈಕೊಟ್ಟಿತು. ಮರುವರ್ಷವೂ ಮಳೆ ಸಾಲಲಿಲ್ಲ. 1964–65ರಲ್ಲಿ ಸುಮಾರು 8.9 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 7.2 ಕೋಟಿ ಟನ್ನಿಗೆ ಕುಸಿಯಿತು. ಅಮೆರಿಕದ ಸಾರ್ವಜನಿಕ ಕಾನೂನು 480ರ ಅನ್ವಯ, ಅಂದರೆ ಜನರ ಬಾಯಲ್ಲಿ ‘ಪಿ.ಎಲ್. 480’ ಆದ ಒಪ್ಪಂದದ ಅಡಿಯಲ್ಲಿ, 1956ರಿಂದ ಬರುತ್ತಿದ್ದ ಧಾನ್ಯವೇ ಈಗ ಜೀವಾಧಾರವಾಯಿತು. 1966ರ ಒಂದೇ ವರ್ಷದಲ್ಲಿ 1 ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಆಮದಾಯಿತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ದೀರ್ಘಾವಧಿಯ ಭರವಸೆ ಕೊಡದೆ, ಆಗಾಗ್ಗೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುವ ನೀತಿಯನ್ನು ಅನುಸರಿಸಿದರು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರೊಂದಕ್ಕೆ 4.76 ಇದ್ದ ವಿನಿಮಯ ದರ 7.50 ರೂಪಾಯಿಗೆ ಏರಿತು. ಪಂಚವಾರ್ಷಿಕ ಯೋಜನೆಯ ಕ್ರಮವೇ 1966ರಿಂದ 1969ರವರೆಗೆ ನಿಂತು, ವಾರ್ಷಿಕ ಯೋಜನೆಗಳಿಗೆ ಎಡೆಮಾಡಿಕೊಟ್ಟಿತು.

ರಾಷ್ಟ್ರದ ಲೆಕ್ಕಪುಸ್ತಕದ ಬಿಕ್ಕಟ್ಟುಗಳೆಲ್ಲ ಅಡುಗೆಮನೆಯ ನೆನಪುಗಳಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. 1991ರ ಜುಲೈನಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಭಾರತ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಆಗ ನಾನು ಶಾಲಾ ಬಾಲಕಿ. ನಮ್ಮ ಮನೆಯ ಒಲೆಗೆ ಆ ಸುದ್ದಿ ತಲುಪಿದ ನೆನಪಿಲ್ಲ. 1966 ಹಾಗಲ್ಲ. ಅದು ಒರಳು, ಬೀಸುಕಲ್ಲು, ಹೆಂಚುಗಳ ಮೂಲಕವೇ ಮನೆಯೊಳಕ್ಕೆ ಬಂದಿತು.

3

ಕನ್ನಡ ಜಾನಪದ ಅಧ್ಯಯನದ ಇತಿಹಾಸದಲ್ಲಿ 1960ರ ದಶಕ ಸಂಗ್ರಹಕಾರ್ಯದ ಉಚ್ಛ್ರಾಯದ ಕಾಲ. ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಅಲೆದು ಲಾವಣಿ, ಕಥನಗೀತ, ಮಹಾಕಾವ್ಯಗಳನ್ನು ಸಂಗ್ರಹಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ರೂಪುಗೊಂಡಿತು. ಆ ಹಿರಿಯರ ಶ್ರಮಕ್ಕೆ ನಮ್ಮ ತಲೆಮಾರು ಋಣಿಯಾಗಿದೆ. ಆದರೆ ಸಂಗ್ರಾಹಕರು ಹಾಡು ಕೇಳಿದ ಅದೇ ಊರುಗಳಲ್ಲಿ, ಅದೇ ವರ್ಷಗಳಲ್ಲಿ, ಹಾಡಿದ ಹೆಂಗಸರೇ ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದರು. ನಾನು ಓದಿಕೊಂಡಿರುವ ಮಟ್ಟಿಗೆ, ಆ ಕಾಲದ ಸಂಕಲನಗಳಲ್ಲಿ ಈ ಸಾಲಿನ ಜಾಡು ತೀರ ವಿರಳ.

ಇದಕ್ಕೆ ಕಾರಣ ಸಂಗ್ರಾಹಕರ ಉದಾಸೀನವಲ್ಲ, ಅವರು ಹಿಡಿದ ಜರಡಿ. ಹಾಡು, ಕಥೆ, ಒಗಟು, ಗಾದೆಗಳ ರೂಪ ತಳೆದದ್ದು ಮಾತ್ರ ಜಾನಪದ, ಉಳಿದದ್ದು ಬರಿಯ ಮಾತು ಎಂಬ ತಿಳಿವಳಿಕೆ ಆಗ ಬಲವಾಗಿತ್ತು. ‘ಕೆರೆಗೆ ಹಾರ’ದ ಭಾಗೀರಥಿಯ ಬಲಿದಾನದಲ್ಲಿ ನೀರಿನ ಬರವನ್ನು ಕಾಣಬಲ್ಲ ನಾವು, ಕೆಂಪು ಜೋಳದ ಹಿಟ್ಟನ್ನು ಹದಗೊಳಿಸಲು ಹೆಣಗಿದ ಹೆಂಗಸಿನ ಕೈಯಲ್ಲಿ ಅನ್ನದ ಬರವನ್ನು ಕಾಣಲಿಲ್ಲ. ಈ ಬಿಕ್ಕಟ್ಟು ಹಾಡಾಗಲಿಲ್ಲ. ಅದು ಪದಗಳಲ್ಲಿ ಮತ್ತು ಅಡುಗೆಯ ಕ್ರಮಗಳಲ್ಲಿ ಉಳಿಯಿತು.

ಪದಗಳನ್ನೇ ನೋಡಬಹುದು. ‘ಕಂಟ್ರೋಲ್’ ಎಂಬ ಮಾತು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳ್ಳಿಗೆ ಬಂದದ್ದು. ಧಾನ್ಯ ನಿಯಂತ್ರಣ 1954ರಲ್ಲಿ ಕೊನೆಗೊಂಡರೂ ಪದ ಸಾಯಲಿಲ್ಲ. 1965ರಲ್ಲಿ ಅದೇ ಪದಕ್ಕೆ ಮರುಜೀವ ಬಂದಿತು. ‘ಲೆವಿ’ ಎಂದರೆ ಸರ್ಕಾರ ಬೆಳೆಗಾರನಿಂದ ನಿಗದಿತ ದರದಲ್ಲಿ ಎತ್ತಿಕೊಳ್ಳುವ ಧಾನ್ಯ. ರಾಜ್ಯದಿಂದ ರಾಜ್ಯಕ್ಕೆ ಧಾನ್ಯ ದಾಟದಂತೆ ವಲಯಗಳನ್ನು ಮಾಡಿದ್ದರಿಂದ ಗಡಿ ಊರುಗಳ ಮಾತಿನಲ್ಲಿ ‘ಚೆಕ್‌ಪೋಸ್ಟ್’ ಮತ್ತು ‘ಪರ್ಮಿಟ್’ಗಳು ನೆಲೆಯೂರಿದವು. ಅಳತೆಯ ಗೊಂದಲವೂ ಸೇರಿಕೊಂಡಿತು. ಮೆಟ್ರಿಕ್ ತೂಕ 1960ರ ದಶಕದ ಆರಂಭದಲ್ಲಷ್ಟೇ ಕಡ್ಡಾಯವಾಗಿತ್ತು. ಅಂಗಡಿ ಕಿಲೋ, ಗ್ರಾಂಗಳಲ್ಲಿ ತೂಗಿದರೆ ಮನೆ ಸೇರು, ಪಾವುಗಳಲ್ಲಿ ಅಳೆಯುತ್ತಿತ್ತು. ‘ಅಲ್ಲಿ ತೂಗಿದ್ದು ಮನೆಗೆ ಬಂದು ಅಳೆದರೆ ಕಮ್ಮಿ ಆಗ್ತಿತ್ತು’ ಎಂದು ಶಿರಾ ತಾಲ್ಲೂಕಿನ ನನ್ನ ಅಜ್ಜಿ ಹೇಳುತ್ತಿದ್ದುದು ಅಂಗಡಿಯವನ ಮೋಸದ ಮಾತಾಗಿರಬಹುದು, ಎರಡು ಅಳತೆಗಳ ನಡುವೆ ಸಿಕ್ಕ ಮನಸ್ಸಿನ ಮಾತೂ ಆಗಿರಬಹುದು.

ಅಡುಗೆಯ ಕ್ರಮ ಇನ್ನೂ ಸೂಕ್ಷ್ಮವಾದುದು. ರಾಗಿ ಸೀಮೆಯವರಿಗೆ ಗೋಧಿ ಹಬ್ಬದ ಧಾನ್ಯ; ದಿನನಿತ್ಯದ ಊಟದ್ದಲ್ಲ. ಪಡಿತರದ ಗೋಧಿಯನ್ನು ಬೀಸಿ ರಾಗಿ ಹಿಟ್ಟಿಗೆ ಬೆರೆಸಿ ಮುದ್ದೆ ತೊಳಸಿದರೆ ಅದು ಅಂಟಂಟಾಗುತ್ತಿತ್ತು. ‘ಕೋಲಿಗೆ ಮೆತ್ಕೊಳ್ಳೋದು, ಕೈಗೆ ಮೆತ್ಕೊಳ್ಳೋದು, ಗಂಟಲಲ್ಲಿ ಮಾತ್ರ ಇಳೀತಿರ್ಲಿಲ್ಲ’ ಎಂಬುದು ಅಜ್ಜಿಯ ವರ್ಣನೆ. ಉತ್ತರ ಕರ್ನಾಟಕದ ಕಷ್ಟ ಇದಕ್ಕೆ ವಿರುದ್ಧವಾದುದು. ಬಿಳಿಜೋಳದ ಹಿಟ್ಟಿಗಿರುವ ಜಿಗಿ ಹಡಗಿನಲ್ಲಿ ಬಂದ ಕೆಂಪು ಜೋಳಕ್ಕೆ ಇರಲಿಲ್ಲ. ಸಿಂದಗಿ ಕಡೆಯ ಮುದುಕಿಯೊಬ್ಬರು, ‘ಬಡಿಯೂದ್ರಾಗ ಹರದ ಹೋಗ್ತಿತ್ತು ತಂಗಿ, ಅದನ್ನ ರೊಟ್ಟಿ ಅಂತ ಹ್ಯಾಂಗ ಅನ್ನೂದು?’ ಎಂದರು. ಒಂದು ಕಡೆ ಅಂಟುವ ಹಿಟ್ಟು, ಇನ್ನೊಂದು ಕಡೆ ಅಂಟದ ಹಿಟ್ಟು. ಕುದಿನೀರು ಎಷ್ಟು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂಬುದನ್ನು ಯಾರೂ ಕಲಿಸಿಕೊಡದೆ ಹೆಂಗಸರು ತಾವಾಗಿ ಕಂಡುಕೊಂಡರು, ನೆರೆಮನೆಗೆ ಹೇಳಿಕೊಟ್ಟರು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ ಈ ತಿಳಿವು ಜಾನಪದವಲ್ಲದೆ ಮತ್ತೇನು?

4

ಜನಸ್ಮೃತಿಯನ್ನು ದಾಖಲಿಸಿದರೆ ಸಾಲದು, ಅದನ್ನು ಪ್ರಶ್ನಿಸಲೂ ಬೇಕು. ಪಾರ್ಥೇನಿಯಂ ಕಳೆಯ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ಕರ್ನಾಟಕದ ಉದ್ದಗಲಕ್ಕೂ ಈ ಕಳೆ ‘ಕಾಂಗ್ರೆಸ್ ಗಿಡ’. ಬಿಳಿಯ ಹೂವುಗಳು ಕಾಂಗ್ರೆಸ್ ಟೋಪಿಯಂತೆ ಕಾಣುತ್ತವೆಂಬುದು ಒಂದು ನಿರುಕ್ತಿ. ಕಾಂಗ್ರೆಸ್ ಸರ್ಕಾರ ತರಿಸಿದ ಅಮೆರಿಕದ ಗೋಧಿಯ ಜೊತೆ ಬಂದಿತೆಂಬುದು ಇನ್ನೊಂದು. ಹಿರಿಯರನ್ನು ಕೇಳಿದರೆ ಬಹುಪಾಲು ಮಂದಿ ಅದನ್ನು ಕೆಂಪು ಜೋಳದ ವರ್ಷಕ್ಕೇ ಜೋಡಿಸುತ್ತಾರೆ. ಆದರೆ ಈ ಕಳೆ ಪುಣೆಯಲ್ಲಿ ಕಂಡುಬಂದದ್ದು 1950ರ ದಶಕದ ಆರಂಭದಲ್ಲಿ, ವರದಿಯಾದದ್ದು 1956ರಲ್ಲಿ. ಪಿ.ಎಲ್. 480ರ ಒಪ್ಪಂದಕ್ಕೆ ಭಾರತ ಸಹಿ ಮಾಡಿದ್ದು ಅದೇ 1956ರ ಆಗಸ್ಟ್‌ನಲ್ಲಿ. ಅದಕ್ಕೂ ಮುನ್ನ 1951ರಲ್ಲಿ ಸಾಲದ ರೂಪದಲ್ಲಿ ಅಮೆರಿಕದ ಗೋಧಿ ಬಂದದ್ದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಗಿಡ ಇಲ್ಲಿದ್ದ ಕುರುಹುಗಳನ್ನೂ ಸಸ್ಯವಿಜ್ಞಾನಿಗಳು ತೋರಿಸಿದ್ದಾರೆ. ಹೀಗಾಗಿ ಜನ ಹೇಳುವ ಕಾಲನಿರ್ದೇಶ ನಿಲ್ಲುವುದಿಲ್ಲ.

ಹಾಗೆಂದು ಅದನ್ನು ತಪ್ಪೆಂದು ತಳ್ಳಿಹಾಕಿದರೆ ನಾವು ಕಳೆದುಕೊಳ್ಳುವುದೇ ಹೆಚ್ಚು. ಇಟಲಿಯ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ಟೆಲ್ಲಿ ಅವರು ತೆರ್ನಿ ಪಟ್ಟಣದ ಕಾರ್ಮಿಕರ ನೆನಪುಗಳನ್ನು ಸಂಗ್ರಹಿಸಿದಾಗ ಇಂಥದೇ ಸಂಗತಿ ಎದುರಾಯಿತು. 1949ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕನ ಸಾವನ್ನು ಅನೇಕರು 1953ರ ಸಾಮೂಹಿಕ ವಜಾದ ಸಂದರ್ಭಕ್ಕೆ ಸೇರಿಸಿ ಹೇಳುತ್ತಿದ್ದರು. ನೆನಪಿನ ಈ ತಪ್ಪೇ ಅದರ ಅರ್ಥಕ್ಕೆ ಬಾಗಿಲೆಂಬುದು ಪೋರ್ಟೆಲ್ಲಿ ಅವರ ವಾದ. ಕಾಂಗ್ರೆಸ್ ಗಿಡದ ಕಥೆಯೂ ಹೀಗೆಯೇ. ದಾನವಾಗಿ ಬಂದ ಅನ್ನ ಉಂಡು ಮುಗಿದುಹೋಯಿತು. ಅದರ ಜೊತೆ ಬಂದ ಕಳೆ ಮಾತ್ರ ಹೊಲದಲ್ಲಿ ಉಳಿಯಿತು ಎಂಬ ಈ ಕಥನದಲ್ಲಿ ಪರಾವಲಂಬನೆಯ ಕುರಿತ ಒಂದು ತೀರ್ಪಿದೆ. ಅಧ್ಯಯನಕಾರನ ಕೆಲಸ ಎರಡನ್ನೂ ಹೇಳುವುದು. ಕಾಲನಿರ್ದೇಶ ತಪ್ಪು ಎಂಬುದನ್ನು ಮರೆಮಾಚಬಾರದು. ಆ ತಪ್ಪಿನ ಒಳಗಿರುವ ತೀರ್ಪನ್ನು ಕೇಳಿಸಿಕೊಳ್ಳದೆಯೂ ಇರಬಾರದು.

ಒಂದೇ ಹಡಗಿನ ಧಾನ್ಯ ಎರಡು ಬಗೆಯ ನೆನಪಾದದ್ದು ಇನ್ನೊಂದು ಕುತೂಹಲದ ಸಂಗತಿ. ಅಂದು ದೊಡ್ಡವರಾಗಿದ್ದವರು ಕೆಂಪು ಜೋಳ, ಗೋಧಿಗಳನ್ನು ಅಸಹ್ಯದಿಂದ ನೆನೆಯುತ್ತಾರೆ. ಅಂದು ಶಾಲೆಗೆ ಹೋಗುತ್ತಿದ್ದವರು ಕೇರ್ ಸಂಸ್ಥೆಯ ನೆರವಿನಿಂದ ಬಂದ ಗೋಧಿ ನುಚ್ಚಿನ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಬಾಯಿ ಚಪ್ಪರಿಸಿ ನೆನೆಯುತ್ತಾರೆ. ಒಂದು ಪೀಳಿಗೆಗೆ ಅದು ತನ್ನ ಹೊಲದ ಸೋಲು, ಇನ್ನೊಂದಕ್ಕೆ ಹೊಟ್ಟೆ ತುಂಬಿದ ಮಧ್ಯಾಹ್ನ. ಯಾವುದೂ ಸುಳ್ಳಲ್ಲ. ಯಾರ ನೆನಪು ಎಂದು ಕೇಳದೆ ‘ಜನಪದರ ನೆನಪು’ ಎಂದು ಏಕವಚನದಲ್ಲಿ ಬರೆಯುವುದು ಮಾತ್ರ ಸುಳ್ಳು.

5

ಈ ಮಾತು ನಮ್ಮನ್ನು ಪ್ರಬಂಧದ ಮುಖ್ಯ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಆ ಕಾಲದ ಬಗ್ಗೆ ಅತಿ ಹೆಚ್ಚಾಗಿ ಕೇಳಿಬರುವ ವಾಕ್ಯ, ‘ಆಗ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದೆವು’ ಎಂಬುದು. ಸಾಹುಕಾರ, ಕೂಲಿ, ಮೇಷ್ಟ್ರು ಎಲ್ಲರೂ ಒಂದೇ ಧಾನ್ಯ ತಿಂದರೆಂಬ ಈ ಚಿತ್ರ ಮನಸ್ಸಿಗೆ ಹಿತವಾದುದು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ಸಂಜೆಯ ಊಟ ಬಿಡಲು ಕೊಟ್ಟ ಕರೆ ಈ ಚಿತ್ರಕ್ಕೆ ಚೌಕಟ್ಟು ಹಾಕಿತು. ನಮ್ಮ ಸೀಮೆಯಲ್ಲಿ ಸೋಮವಾರ ಮೊದಲೇ ಶಿವನ ವಾರ, ಹಲವೆಡೆ ಎತ್ತಿನ ಹೆಗಲಿಗೆ ನೊಗ ಹೂಡದ ವಾರ. ಹಾಗಾಗಿ ರಾಷ್ಟ್ರದ ಉಪವಾಸ ಮನೆಯ ವ್ರತದೊಳಗೆ ಸಲೀಸಾಗಿ ಬೆರೆಯಿತು. ಅದರ ನೈತಿಕ ಘನತೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಎರಡು ಹೊತ್ತು ಉಣ್ಣುವವನು ಮಾತ್ರ ಒಂದು ಹೊತ್ತನ್ನು ಬಿಡಬಲ್ಲ.

ಶಿರಾ ಸೀಮೆಯ ನನ್ನ ಊರಿನ ಕೇರಿಯ ಹಿರಿಯರೊಬ್ಬರು ಹೇಳಿದ ಮಾತು ಈ ಚಿತ್ರದ ಬಿರುಕನ್ನು ತೋರಿಸುತ್ತದೆ. ಕೂಲಿಗೆ ರಾಗಿ ಅಳೆದುಕೊಡುವುದು ಅಲ್ಲಿನ ಪದ್ಧತಿ. ಧಾನ್ಯದ ಬೆಲೆ ಏರತೊಡಗಿದಾಗ ಹೊಲದೊಡೆಯರು ರಾಗಿ ಕೊಡುವುದನ್ನು ನಿಲ್ಲಿಸಿ ಕಾಸು ಕೊಡತೊಡಗಿದರು. ‘ದುಡ್ಡು ಬೇಯಿಸ್ಕಂಡು ಉಣ್ಣಕ್ಕಾಗುತ್ತಾ?’ ಎಂದು ಆತ ನನ್ನನ್ನೇ ಕೇಳಿದರು. 1943ರ ಬಂಗಾಳದ ಕ್ಷಾಮವನ್ನು ಕುರಿತು ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ಮಂಡಿಸಿದ ವಿಚಾರ, ಹಸಿವೆಂದರೆ ಊರಿನಲ್ಲಿ ಅನ್ನವಿಲ್ಲದಿರುವುದಲ್ಲ, ಇರುವ ಅನ್ನದ ಮೇಲೆ ಕೆಲವರಿಗೆ ಹಕ್ಕಿಲ್ಲದಿರುವುದು ಎಂಬುದು, ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಕಾರ್ಡು ಇಲ್ಲದವರು, ಸುಗ್ಗಿಗಾಗಿ ವಲಸೆ ಹೋದವರು, ತೂಗುವ ದಿನ ಕೈಯಲ್ಲಿ ಕಾಸಿಲ್ಲದವರು ಆ ‘ಒಂದೇ ಸಾಲಿ’ನಲ್ಲಿ ನಿಂತಿರಲೇ ಇಲ್ಲ. ನಿಲ್ಲದವರ ನೆನಪಿನಲ್ಲಿ ಸಾಲು ಇರುವುದಾದರೂ ಹೇಗೆ?

ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೇ ತಿಂದು ಮುಗಿಸುವ ಸಾಕವ್ವನ ಮನೆಯವರಿಗೆ ಹಸಿವು ಒಂದು ಇಸವಿಯ ಘಟನೆಯಲ್ಲ. ಅಲ್ಲಿ ಬಿಕ್ಕಟ್ಟಿಗೆ ಆರಂಭವಿಲ್ಲ, ಆದ್ದರಿಂದ ಮುಕ್ತಾಯವೂ ಇಲ್ಲ. ‘ಬರಗಾಲದಲ್ಲಿ ಅಧಿಕಮಾಸ’ ಎಂಬ ಗಾದೆ ಉಂಡು ಬದುಕಿದವರ ಲೆಕ್ಕ. ವರ್ಷವಿಡೀ ಬರವೇ ಆದವರಿಗೆ ಅಧಿಕಮಾಸ ಯಾವುದು? 1966ನ್ನು ವಿಶೇಷ ಕಾಲವೆಂದು ನೆನೆಯಬಲ್ಲ ಸಾಮರ್ಥ್ಯವೇ, ಅದಕ್ಕೆ ಮುಂಚೆ ತುಂಬಿದ ವಾಡೆಯನ್ನು ಕಂಡಿದ್ದವರ ಭಾಗ್ಯ ಎಂಬ ಕಹಿಸತ್ಯವನ್ನು ಈ ಕೃತಿ ನಮ್ಮೆದುರು ಇಡುತ್ತದೆ.

ಬಿರುಕು ಊರಿನ ನಡುವೆ ಮಾತ್ರವಲ್ಲ, ಮನೆಯೊಳಗೂ ಇತ್ತು. ನನ್ನ ಅಜ್ಜಿ ಸದಾ ಹೇಳುತ್ತಿದ್ದುದು, ‘ಇದ್ದಿದ್ದನ್ನೇ ಎಲ್ಲರೂ ಸಮವಾಗಿ ಹಂಚ್ಕೊಂಡು ಉಂಡ್ವಿ’ ಎಂದು. ಜಾನಪದದ ವಿದ್ಯಾರ್ಥಿನಿಯಾದ ಮೇಲೆ ಒಮ್ಮೆ, ಯಾರ ತಟ್ಟೆಗೆ ಏನು ಬೀಳುತ್ತಿತ್ತು ಎಂದು ಬಿಡಿಸಿ ಕೇಳಿದೆ. ತಾತನಿಗೆ ಮುದ್ದೆ, ಗಂಡುಮಕ್ಕಳಿಗೆ ಮುದ್ದೆ, ಹೆಣ್ಣುಮಕ್ಕಳಿಗೆ ಅರ್ಧ. ‘ನಿನಗೆ?’ ಎಂದೆ. ‘ನನಗೇನು, ಮಡಕೆ ತೊಳೆದ ಅಂಬಲಿ ಇರ್ತಿತ್ತಲ್ಲ’ ಎಂದು ಸಹಜವಾಗಿ ನುಡಿದು ಎಲೆಯಡಿಕೆ ಚೀಲಕ್ಕೆ ಕೈಹಾಕಿದರು. ‘ಸಮವಾಗಿ’ ಎಂಬ ಪದದೊಳಗೆ ಆಕೆ ತನ್ನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಜ್ಜಿ ಸುಳ್ಳು ಹೇಳಲಿಲ್ಲ. ಹೆಣ್ಣು ಕಡೆಯಲ್ಲಿ ಉಣ್ಣುವುದು ಬರಗಾಲದ ನಿಯಮವಾಗಿರದೆ ಎಲ್ಲ ಕಾಲದ ನಿಯಮವಾಗಿದ್ದುದರಿಂದ, ಅದು ಬಿಕ್ಕಟ್ಟಿನ ನೆನಪಿನಲ್ಲಿ ನಮೂದಾಗುವ ಯೋಗ್ಯತೆಯನ್ನೇ ಪಡೆದಿರಲಿಲ್ಲ. ನಾನು ಮೊದಲ ಸಲ ಕೇಳಿದ ವಾಕ್ಯವನ್ನಷ್ಟೇ ಬರೆದುಕೊಂಡು ಬಂದಿದ್ದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಸಮವಾಗಿ’ ಎಂದೇ ಉಳಿಯುತ್ತಿತ್ತು. ನಮ್ಮ ಎಷ್ಟು ಸಂಗ್ರಹಗಳಲ್ಲಿ ಹೀಗೆ ಮೊದಲ ಉತ್ತರವೇ ಕೊನೆಯ ಉತ್ತರವಾಗಿ ಉಳಿದಿದೆಯೋ!

6

ಇದು ಗತಕಾಲದ ಚರ್ಚೆಯಷ್ಟೇ ಎಂದು ಭಾವಿಸುವಂತಿಲ್ಲ. ಅಧಿಕೃತ ಕಥನದಲ್ಲಿ 1966 ಹಸಿರು ಕ್ರಾಂತಿಯ ಮುನ್ನುಡಿ. ಸೋತು ಗೆದ್ದ ದೇಶದ ಕಥೆ. ಮಧ್ಯಮ ವರ್ಗದ ಕಥನದಲ್ಲಿ ಅದು ಸಹನೆ, ಮಿತವ್ಯಯ, ಸ್ವಾಭಿಮಾನಗಳ ಪಾಠ. ಎರಡೂ ಕಥನಗಳು ಇಂದು ಒಂದು ವಿಚಿತ್ರ ಕೆಲಸಕ್ಕೆ ಬಳಕೆಯಾಗುತ್ತಿವೆ. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಯೋಜನೆ ಜಾರಿಯಾದಾಗ, ‘ನಾವು ಕೆಂಪು ಜೋಳ ತಿಂದು ದುಡಿದು ಬದುಕಿದೆವು, ಇವರಿಗೆ ಪುಕ್ಕಟೆ ಅಕ್ಕಿ ಕೊಟ್ಟು ಸೋಮಾರಿಗಳನ್ನಾಗಿ ಮಾಡುತ್ತಿದ್ದಾರೆ’ ಎಂಬ ಮಾತನ್ನು ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗೆ ನುಡಿದವರು ಮರೆತದ್ದು ಒಂದೇ ಸಂಗತಿ: ಅವರು ನೆನೆಯುವ ಆ ಕೆಂಪು ಜೋಳವೂ ಸರ್ಕಾರ ತರಿಸಿ, ಅಗ್ಗದ ಬೆಲೆಗೆ ತೂಗಿಸಿ ಕೊಟ್ಟ ಪಡಿತರವೇ ಆಗಿತ್ತು. ಸಾಲಿನಲ್ಲಿ ನಿಂತ ನೆನಪು, ಇಂದು ಸಾಲಿನಲ್ಲಿ ನಿಂತವರನ್ನು ಹೀಗಳೆಯುವ ಅಸ್ತ್ರವಾದದ್ದು ಸ್ಮೃತಿಯ ದೊಡ್ಡ ವಿಪರ್ಯಾಸ. ವಿಮರ್ಶೆಗೆ ಒಳಗಾಗದ ನೆನಪು ಹೀಗೆ ಬಲವುಳ್ಳವರ ಪಾಲಾಗುತ್ತದೆ.

ಈ ದೃಷ್ಟಿಯಿಂದ ಜಾನಪದ ಅಧ್ಯಯನಕ್ಕೆ ತಕ್ಷಣದ ಕರ್ತವ್ಯಗಳಿವೆ. ಬೀಸುಕಲ್ಲು, ಕೊಳಗಗಳ ಪಕ್ಕದಲ್ಲಿ ಮಾಸಿದ ರೇಶನ್ ಕಾರ್ಡಿಗೂ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಜಾಗ ದೊರೆಯಬೇಕು. ಹಾಡು ಬಾರದ ವಕ್ತೃವಿನ ಮಾತನ್ನೂ ಹಾಡುಗಾರ್ತಿಯ ಹಾಡಿನಷ್ಟೇ ಎಚ್ಚರದಿಂದ ದಾಖಲಿಸಬೇಕು. ‘ಏನು ಉಂಡಿರಿ?’ ಎಂಬ ಪ್ರಶ್ನೆಯ ಬೆನ್ನಿಗೆ ‘ಯಾರು ಮೊದಲು ಉಂಡರು, ಯಾರು ಕಡೆಗೆ ಉಂಡರು, ಯಾರು ಉಣ್ಣಲಿಲ್ಲ?’ ಎಂಬ ಪ್ರಶ್ನೆಗಳನ್ನೂ ಕೇಳಬೇಕು. 1966ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅಂದು ಒಲೆಯ ಮುಂದೆ ಕುಳಿತ ನನ್ನ ಅಜ್ಜಿಯಂಥವರು ಬಹುಪಾಲು ತೀರಿಹೋಗಿದ್ದಾರೆ.

ಅರವತ್ತು ಸಂವತ್ಸರಗಳ ಚಕ್ರ ಪೂರ್ತಿ ಒಂದು ಸುತ್ತು ತಿರುಗಿ 2025ರ ಯುಗಾದಿಗೆ ಮತ್ತೆ ವಿಶ್ವಾವಸು ಬಂದಿತು. ಆ ಹೆಸರನ್ನು ಪಂಚಾಂಗ ಶ್ರವಣದಲ್ಲಿ ಕೇಳಿದಾಗ, ಹಿಂದಿನ ವಿಶ್ವಾವಸುವಿನಲ್ಲಿ ತಮ್ಮ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂದು ಕೇಳಿ ತಿಳಿದುಕೊಂಡ ಮನೆಗಳು ಎಷ್ಟಿರಬಹುದು? ಕೇಳಿದ್ದರೆ, ಮೊದಲು ದೊರೆಯುವ ಉತ್ತರ ‘ಎಲ್ಲರೂ ಸಮವಾಗಿ ಉಂಡೆವು’ ಎಂದೇ ಇರುತ್ತಿತ್ತು. ಅಲ್ಲಿಗೆ ಟಿಪ್ಪಣಿ ಪುಸ್ತಕವನ್ನು ಮುಚ್ಚದಿರುವುದು ನಮ್ಮ ಕೆಲಸ.